ಕಲ್ಲಿಗೆ ಕೈ ಹಚ್ಚಬ್ಯಾಡ್ರಿ

ಸಿಂದಗಿ ಕಡೆಯ ನಮ್ಮೂರಿನ ಹಳೆಯ ಮೆಥೊಡಿಸ್ಟ್ ಚರ್ಚನ್ನು ಒಬ್ಬ ಅಜ್ಜ ನೋಡಿಕೊಳ್ಳುತ್ತಿದ್ದ. ಯಾರೇ ಬಂದರೂ ಅವನ ಮೊದಲ ಮಾತು ಒಂದೇ: “ಕಲ್ಲಿಗೆ ಕೈ ಹಚ್ಚಬ್ಯಾಡ್ರಿ.” ಗೋಡೆಯ ಆ ಕರಿಕಲ್ಲುಗಳನ್ನು ಅವನ ಮುತ್ಯಾ ತಲೆಯ ಮೇಲೆ ಹೊತ್ತು ತಂದಿದ್ದನಂತೆ. ಅಜ್ಜ ಮಾತ್ರ ದಿನವೂ ಹೆಗಲ ಮೇಲಿನ ವಸ್ತ್ರದಿಂದ ಅವುಗಳ ಧೂಳು ಒರೆಸುತ್ತಿದ್ದ.

ಚರ್ಚನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿಕೊಳ್ಳಲು ಅರ್ಜಿ ಬರೆದವನು ನಾನು. ಅಧಿಕಾರಿಗಳು ನೋಡಲು ಬರುತ್ತಾರೆಂದು ಅಜ್ಜನಿಗೆ ಹೇಳಿದವನೂ ನಾನೇ.

“ಅರ್ಜಿಯೊಳಗ ಏನಂತ ಬರದೀರಿ ಸರ?”

“ಭಾಳ ಹಳೇದೈತಿ ಅಂತ ಬರದೇನಿ ಅಜ್ಜಾ.”

ಅವನ ಮುಖ ಸಣ್ಣದಾಯಿತು. “ಮಂದಿ ಮುಂದ ಹಂಗ ಹೇಳೂದೇನ್ರಿ?”

ಎಂಟು ದಿನ ಬಿಟ್ಟು ಅಧಿಕಾರಿಗಳನ್ನು ಕರೆದುಕೊಂಡು ಹೋದೆ. ಗೇಟಿನಲ್ಲೇ ನಿಂತುಬಿಟ್ಟೆ. ಗೋಡೆಯ ತುಂಬ ಸಿಮೆಂಟಿನ ಗಿಲಾವು, ಅದರ ಮೇಲೆ ಗುಲಾಬಿ ಬಣ್ಣ. ಒಂದು ಕಲ್ಲೂ ಕಾಣುತ್ತಿರಲಿಲ್ಲ. ಅಧಿಕಾರಿಗಳು ಫೈಲು ಮುಚ್ಚಿದರು.

ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಜ್ಜ ನಗುತ್ತ ಬಂದ. “ನಾಕು ಮಂದಿ ಕೂಡಿ ಮುಗಿಸೇವ್ರಿ. ದೊಡ್ಡವರು ಬರೂಮುಂದ ಹಳೇದು ಕಾಣಬಾರದಲ್ರಿ.” ನನ್ನ ಕೈ ಹಿಡಿದು ಗೋಡೆಗೆ ಒತ್ತಿದ.

“ಈಗ ಹಚ್ರಿ ಸರ. ಇನ್ನ ಏನೂ ಆಗೂದಿಲ್ಲ.”