ಹಸಿರು ರಟ್ಟಿನ ಪುಸ್ತಕ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಗಲಿ, ಆಗ ಆಗಬೇಕಾದದ್ದು ಈಗಲಾದರೂ ಆಗಲಿ.

ತೊಂಬತ್ತರ ದಶಕದ ಕೊನೆಯಲ್ಲಿ ಮರಾಠಿ ನಾಡಿನ ಬಿಬವೇವಾಡಿಯಲ್ಲಿ ನನ್ನದೊಂದು ಪುಸ್ತಕ, ಪಾಟಿ, ಪೆನ್ನುಗಳ ಅಂಗಡಿ ಇತ್ತು. ಪಿಂಪ್ರಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ನಮ್ಮ ಕಡೆಯವರೊಬ್ಬರು ಹಸಿರು ರಟ್ಟಿನ ಸಣ್ಣ ಪುಸ್ತಕವೊಂದನ್ನು ತಾವೇ ಬರೆದು, ಅಚ್ಚು ಹಾಕಿಸಿ, ಮಾರಲು ತಂದಿಟ್ಟರು. ದುಡಿಯಲು ಬಂದ ಕನ್ನಡದವರಿಗೆ ಮರಾಠಿ ಕಲಿಸುವ ಪುಸ್ತಕ. ವ್ಯಾಕರಣ ಗಿಕರಣ ಏನೂ ಇಲ್ಲ. ಸ್ವಾರಗೇಟದಲ್ಲಿ ಬಸ್ಸಿಳಿದಾಗಿನಿಂದ ಸಂಜೆ ಕೆಲಸ ಬಿಡುವ ತನಕ ಒಬ್ಬ ಕೂಲಿಯವನಿಗೆ ಬೇಕಾಗುವ ಮಾತುಗಳು, ಅದೇ ಕ್ರಮದಲ್ಲಿ, ಕನ್ನಡ ಲಿಪಿಯಲ್ಲಿ. ಬಂದವರೆಲ್ಲ "ಹಸರ ಪುಸ್ತಕ ಅದ ಏನ್ರಿ?" ಎಂದೇ ಕೇಳುತ್ತಿದ್ದರು.

ನನಗೆ ಆಸೆ ಹತ್ತಿತು. ಇದರಲ್ಲಿ ಅಂಥದೇನಿದೆ, ಮರಾಠಿ ನನಗೆ ಬರುವುದಿಲ್ಲವೇ ಎಂದು ಕೂತು ಬರೆದೆ. ಬರೆದೆ ಎನ್ನುವುದೂ ಸುಳ್ಳು. ಅವರದನ್ನು ಪಕ್ಕಕ್ಕಿಟ್ಟುಕೊಂಡು ಇಳಿಸಿದೆ. ಅದೇ ಅಳತೆ, ಅದೇ ಹಸಿರು ರಟ್ಟು, ಮೇಲೆ ನನ್ನ ಹೆಸರು. ಹಸಿರು ಪುಸ್ತಕ ಕೇಳಿದವರಿಗೆಲ್ಲ ನನ್ನದನ್ನೇ ಕೊಟ್ಟೆ.

ಒಂದು ಭಾನುವಾರ ಅವರು ಬಂದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಅವರು ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ತೆರೆದಿಟ್ಟು, ಎರಡರಲ್ಲೂ ಇದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು: 'ನನ್ನ ಮಗಳಿಗೆ ಜ್ವರ ಬಂದಿದೆ, ಅರ್ಧ ದಿನ ರಜೆ ಕೊಡಿ.'

"ನಿಮಗ ಮಗಳದಾಳೇನ್ರಿ?" ಎಂದು ಕೇಳಿದರು.

ನನಗಿರುವುದು ಇಬ್ಬರು ಗಂಡುಮಕ್ಕಳು. ಇಲ್ಲ ಎಂದೆ. ಅವರೇ ಹೇಳಿದರು. ಮೊದಲು ಕಟ್ಟಡದ ಕೂಲಿಗೆ ಬಂದಾಗ ಮಗಳು ಜ್ವರದಲ್ಲಿ ಮಲಗಿದ್ದಳಂತೆ. ಕೂಲಿಯವರ ಮೇಲ್ವಿಚಾರಕ ಮುಕಾದಮನಿಗೆ ಹೇಳಿ ರಜೆ ಕೇಳಲು ಇವರಿಗೆ ಮರಾಠಿ ಬರಲಿಲ್ಲ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಪುಸ್ತಕ ಬರೆದದ್ದು ಅದಕ್ಕೇ.

"ಮಾರ್ರಿ, ಬ್ಯಾಡ ಅನ್ನಂಗಿಲ್ಲ. ಯಾರು ಬರದಾರಂತ ಅಷ್ಟ ಹಾಕ್ರಿ."

ಹಾಕುತ್ತೇನೆ ಎಂದೆ. ಮರುದಿನ, ನಾಚಿಕೆಗೇಡಿ, ವಕೀಲರ ಬಳಿ ಓಡಿದೆ. ವಕೀಲರು ಬಿಡಿಸಿ ಹೇಳಿದರು. ಮರಾಠಿ ಶಬ್ದಗಳಾಗಲಿ, ಕಲಿಸುವ ವಿಚಾರವಾಗಲಿ ಯಾರ ಆಸ್ತಿಯೂ ಅಲ್ಲ. ಆದರೆ ಆ ಫಿಟರ್ ಕಟ್ಟಿದ ಸಾಲುಗಳನ್ನು ಇಳಿಸಿದರೆ ಕಾಪಿರೈಟ್ ಹಿಡಿಯುತ್ತದೆ. ಅವರದೆಂದು ನಂಬಿಸಿ ಹಸಿರು ರಟ್ಟಿನಲ್ಲಿ ಮಾರಿದ್ದು ಬೇರೆಯೇ ತಪ್ಪು, ಅದು ಅವರ ವ್ಯಾಪಾರಕ್ಕೂ ಗಿರಾಕಿಗೂ ಮಾಡಿದ ಮೋಸ. ಸಾಲು ಬದಲಿಸಿ, ರಟ್ಟು ಬದಲಿಸಿ. ಆಮೇಲೆ ಅವರ ಹೆಸರು ಹಾಕದಿದ್ದರೂ ನಿಮ್ಮನ್ನು ಯಾರೂ ಏನೂ ಮಾಡಲಾರರು. ಆಗ ಕದ್ದಂತಾಗುವುದಿಲ್ಲವೇ ಎಂದೆ. ಕದ್ದಂತೆಯೇ ಆಗುತ್ತದೆ, ಆದರೆ ಅದಕ್ಕೆ ಕೋರ್ಟಿಲ್ಲ ಎಂದರು.

ಅಷ್ಟೇ ಸಾಕಾಯಿತು ನನಗೆ. ತಿಂಗಳೊಳಗೆ ನೀಲಿ ರಟ್ಟಿನ ಪುಸ್ತಕ ಬಂತು. ಮಗಳ ಜ್ವರ ಹೋಗಿ ಮಗನ ಹೊಟ್ಟೆನೋವು ಆಯಿತು. ಥೂ! ಹೆಸರು ಮಾತ್ರ ನನ್ನದೇ ಉಳಿಯಿತು. ನೋಟಿಸೂ ಬರಲಿಲ್ಲ, ಅವರೂ ಮತ್ತೆ ಅಂಗಡಿಗೆ ಬರಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ಸ್ವಾರಗೇಟದ ಪುಸ್ತಕದಂಗಡಿಯ ಮುಂದೆ ಅವರನ್ನು ಕಂಡೆ. ನನ್ನ ನೀಲಿ ಪುಸ್ತಕ ಕೊಂಡು, ಹಾಳೆ ಮಗುಚಿ ರಜೆಯ ಪುಟ ಹುಡುಕಿದರು. ಅಲ್ಲಿ ಬೆರಳಿಟ್ಟು ಓದಿದರು. ಆಮೇಲೆ, ಆಗಷ್ಟೇ ಬಸ್ಸಿಳಿದು ಕೂಸನ್ನೆತ್ತಿಕೊಂಡು ದಿಕ್ಕು ತೋಚದೆ ನಿಂತಿದ್ದ ನಮ್ಮ ಕಡೆಯ ಗಂಡ ಹೆಂಡಿರ ಹತ್ತಿರ ಹೋಗಿ ಪುಸ್ತಕವನ್ನು ಅವರ ಕೈಗಿಟ್ಟರು.

"ಚಲೋ ಪುಸ್ತಕ ಅದ," ಎಂದರು. "ಈ ರಜಾ ಕೇಳೂದು ಮೊದಲ ಕಲೀರಿ."

ನಾನು ಬಸ್ಸಿನ ಮರೆಗೆ ಸರಿದು ನಿಂತೆ.