ನಾಳೆಯ ವಿಮಾನ

ನಾರಾಯಣಗುಡದಲ್ಲಿ ನಮ್ಮ ನೆರೆಯವರು ಬೀದರ್ ಕಡೆಯ ಹೆಂಗಸು. ವೀಸಾ ಮುಗಿದ ಪರದೇಶಿಗಳನ್ನು ಕೂಡಿಹಾಕುವ ಕೇಂದ್ರದಲ್ಲಿ ಕಾವಲು ಕೆಲಸ. ಸರಕಾರದ ಭಾಷೆಯಲ್ಲಿ ಅದು ಜೈಲಲ್ಲ. ಸಂಜೆ ಬಂದವರೇ ಖಾಕಿ ತೋಳಿನಿಂದ ಕುತ್ತಿಗೆ ಒರೆಸಿಕೊಂಡು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು.

ಅಲ್ಲಿದ್ದ ಆಫ್ರಿಕಾದ ಹೆಂಗಸೊಬ್ಬಳಿಗೆ ಬುದ್ಧಿಯ ಸ್ತಿಮಿತ ತಪ್ಪಿತ್ತು. ಬೇಗಂಪೇಟೆ ಕಡೆಯಿಂದ ವಿಮಾನದ ಸದ್ದು ಕೇಳಿದರೆ ಸಾಕು, ಚೀಲ ಕಟ್ಟಿಕೊಂಡು ಬಾಗಿಲು ಬಡಿಯುತ್ತಿದ್ದಳು. ಕಿರುಚಿದವರನ್ನು ಒಂಟಿ ಕೋಣೆಗೆ ಹಾಕುವುದು ಅಲ್ಲಿನ ಪದ್ಧತಿ. ಅದಕ್ಕೇ ನಮ್ಮ ನೆರೆಯವರು ಅವಳ ತಲೆ ಸವರಿ ಪ್ರತಿ ಸಲವೂ ಒಂದೇ ಸುಳ್ಳು ಹೇಳುತ್ತಿದ್ದರು: "ಕಲ್ ಫ್ಲೈಟ್ ಹೈ, ಅಮ್ಮಾ." ನಾಳೆ ವಿಮಾನವಿದೆ ಎಂದರೆ ಅವಳು ಚೀಲ ಬಿಚ್ಚಿ ಊಟಕ್ಕೆ ಕೂರುತ್ತಿದ್ದಳು.

ಒಮ್ಮೆ ಡಾಕ್ಟರು ಬಂದು, ಊರಿಗೆ ಯಾವಾಗ ಹೋಗುತ್ತೀ ಎಂದು ಕೇಳಿದರು. ಅವಳು ನಗುತ್ತಾ "ನಾಳೆ" ಎಂದಳು. ಭ್ರಮೆ ಹೆಚ್ಚಾಗಿದೆ ಎಂದು ಗುಳಿಗೆ ಇಮ್ಮಡಿ ಮಾಡಿದರು.

"ನೀವ ಹೇಳಿದ್ದು ಅಂತ ಡಾಕ್ಟರಿಗೆ ಹೇಳಬೇಕಿತ್ತಲ್ರಿ!" ಎಂದು ನಾನು ರೇಗಿದೆ.

"ಹೇಳಿದೆರೀ. ಹಂಗ ಹೇಳ್ಕೋತ ಇರು, ಗದ್ದಲ ಆಗೂದಿಲ್ಲ ಅಂದ್ರು. ಗುಳಿಗಿ ಕಡಿಮಿ ಮಾಡ್ಲಿಲ್ಲ."

ಕಟ್ಟೆಯಿಂದ ಏಳುತ್ತಾ ಅವರೇ ಹೇಳಿದರು: "ಈಗ ತಲಿ ಮ್ಯಾಲೆ ವಿಮಾನ ಹೋದ್ರೂ ಆಕಿ ಏಳೂದಿಲ್ರಿ. ನಾ ಮಾತ್ರ ಹಂಗ ಹೇಳೂದು ಬಿಟ್ಟಿಲ್ಲ."