ಗ್ಯಾಲಕ್ಸಿ ಕಲಿಸಿದ ಶಮೀಮಾ ಟೀಚರ್

ಶಮೀಮಾ ಟೀಚರ್ ನಗಲು ಶುರುಮಾಡಿದರೆ ಪಕ್ಕದ ಕೋಣೆಯಲ್ಲಿ ನನ್ನ ಪಾಠ ನಿಲ್ಲುತ್ತಿತ್ತು. ಅಂಥ ದೊಡ್ಡ ನಗು. ನನ್ನ ಮಕ್ಕಳು ಬೋರ್ಡು ಬಿಟ್ಟು ಗೋಡೆಯ ಕಡೆ ಕಿವಿ ಕೊಡುತ್ತಿದ್ದರು. ಗದಗ ಹೊಸ ಜಿಲ್ಲೆಯಾದ ಮರುವರ್ಷ ಲಕ್ಷ್ಮೇಶ್ವರದ ಈ ಹೆಣ್ಣುಮಗಳು ಅಸುಂಡಿ ಹತ್ತಿರದ ನಮ್ಮ ಪ್ರೌಢಶಾಲೆಗೆ ಬಂದರು. ಅಲ್ಲಿಯವರೆಗೆ ಆ ಶಾಲೆಗೆ ವಿಜ್ಞಾನವೆಂದರೆ ನಾನೇ.

ಏನು ಕಲಿಸಿದರೂ ಕೊನೆಗೆ ಅವರದೊಂದು ಮಾತಿತ್ತು: "ಖರೆ ಹೇಳ್ರಿ, ತಿಳೀತೋ, ಇಲ್ಲಾ ನನ್ನ ಮಾರಿ ನೋಡಿ ಗೋಣು ಹಾಕಾಕ ಹತ್ತೀರೋ?" ನನ್ನ ತರಗತಿಯಲ್ಲಿ ಎಲ್ಲರೂ ಗೋಣು ಹಾಕುವವರೇ.

ನನ್ನ ಮಗಳು ಶೈಲಾ ಇದ್ದದ್ದು ಶಮೀಮಾ ಟೀಚರ ತರಗತಿಯಲ್ಲಿ. ಚಿಕ್ಕಂದಿನಿಂದ ಅವಳಿಗೆ ಆಕಾಶದ ಚುಕ್ಕಿಗಳ ಹೆಸರು ಕಲಿಸಿದವನು ನಾನು. ಒಂದು ಸಂಜೆ ಕೇಳಿದಳು, "ಅಪ್ಪಾ, ಗ್ಯಾಲಕ್ಸಿ ಎಲ್ಲಾ ಕಡೆ ಸಮ ಹರವಿಕೊಂಡು ಇರದ, ಗುಂಪು ಗುಂಪು ಯಾಕ ಅದಾವ? ಗುಂಪಿನ ಮಗ್ಗಲಕ್ಕ ಮತ್ತ ಗುಂಪು ಯಾಕ?"

"ಗುರುತ್ವ," ಎಂದೆ.

ಮರುದಿನ ಅದೇ ಪ್ರಶ್ನೆಯನ್ನು ಟೀಚರ್ ಬಳಿ ಒಯ್ದಳು. ಅವರು ಬೋಗುಣಿಯಲ್ಲಿ ಸಾಬೂನಿನ ನೀರು ತರಿಸಿ, ಪಪ್ಪಾಯಿ ದಂಟಿನಿಂದ ಊದಿ ನೊರೆ ಎಬ್ಬಿಸಿದರು. ನಾನು ಕಿಟಕಿಯಾಚೆ ನಿಂತು ಕೇಳಿದೆ.

"ನೋಡ್ರಿ, ಗುಳ್ಳಿ ಒಳಗ ಖಾಲಿ. ಗ್ಯಾಲಕ್ಸಿ ಇರೋದು ಗುಳ್ಳಿ ಗ್ವಾಡಿ ಮ್ಯಾಲ. ಗ್ವಾಡಿ ಕೂಡೋ ಮೂಲ್ಯಾಗ ದೊಡ್ಡ ಗುಂಪು. ಮೊದಲು ಎಲ್ಲಾ ಕಡೆ ಹೆಚ್ಚೂಕಡಿಮಿ ಒಂದ ಸಮ ಇತ್ತು. ಎಲ್ಲಿ ಚೂರು ಹೆಚ್ಚಿತ್ತೋ, ಅದು ಮಗ್ಗಲಿಂದನ್ನ ಎಳಕೊಂಡ್ತು. ಎಳಕೊಂಡಂಗೆಲ್ಲಾ ಎಳಿಯೋ ಕಸುವೂ ಬೆಳೀತು."

ನಾನು ಹೇಳಿದ್ದೂ ಅದೇ. ಆದರೆ ಶೈಲಾ ಕೈತುಂಬ ನೊರೆ ಹಿಡಿದು, ಬಾಯಿ ತೆರೆದು ನಿಂತಿದ್ದಳು. ನನ್ನೆದುರು ಎಂದೂ ಹಾಗೆ ನಿಂತವಳಲ್ಲ. ಅಂದು ನನಗೆ ಊಟ ಸೇರಲಿಲ್ಲ.

ಗದಗದಲ್ಲಿ ಜಿಲ್ಲೆಯ ಶಿಕ್ಷಕರ ಮುಂದೆ ಪಾಠ ಮಾಡಿ ತೋರಿಸಲು ನಮ್ಮ ಶಾಲೆಯಿಂದ ಒಬ್ಬರನ್ನು ಕರೆದಾಗ ಹೆಡ್‌ಮಾಸ್ತರರು ಶಮೀಮಾ ಟೀಚರ ಹೆಸರು ಕೊಟ್ಟರು. ಟೀಚರ್ ನೇರ ನನ್ನ ಬಳಿ ಬಂದರು.

"ಸರ್, ಲೆಕ್ಕದ ಭಾಗ ನೀವು ಹೇಳ್ರಿ, ನೊರಿ ನಾ ಎಬ್ಬಸ್ತೀನಿ. ಇಬ್ಬರೂ ಕೂಡೇ ಹೋಗೂಣು."

"ನನಗ ಪುರುಸೊತ್ತಿಲ್ರಿ," ಎಂದೆ. ಅವರ ಒಳ್ಳೆಯತನವೇ ನನ್ನನ್ನು ಹೆಚ್ಚು ಉರಿಸುತ್ತಿತ್ತು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು.

ಮುಂದೆ ಅವರು ಮುಂಡರಗಿಗೆ ವರ್ಗವಾದರು. ಶೈಲಾ ಭೌತಶಾಸ್ತ್ರ ಓದಿ ಉಪನ್ಯಾಸಕಿಯಾದಳು. ರಜೆಗೆ ಊರಿಗೆ ಬಂದರೆ ಮನೆಯಲ್ಲಿ ಚೀಲ ಇಟ್ಟು, ಚಹಾ ಕುಡಿದು, ಮುಂಡರಗಿ ಬಸ್ಸು ಹತ್ತುತ್ತಿದ್ದಳು. ಮರಳಿ ಬಂದ ಮೇಲೆ "ಟೀಚರ್ ಹಿಂಗಂದ್ರು, ಟೀಚರ್ ಹಂಗಂದ್ರು" ಎಂಬುದೇ ಮಾತು.

ಹೋದ ವರ್ಷ ಟೀಚರ್ ತೀರಿಕೊಂಡರು. ಸುದ್ದಿ ತಿಳಿದು ತಂದೆ ಮಗಳು ಲಕ್ಷ್ಮೇಶ್ವರಕ್ಕೆ, ಅವರ ತವರಿಗೆ ಹೋದೆವು. ನಾವು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಟೀಚರರ ತಮ್ಮನೊಬ್ಬ ಶೈಲಾಳನ್ನು ಗುರುತು ಹಿಡಿದು, "ಬಾ ತಂಗಿ. ನಮ್ಮ ಅಕ್ಕ ನಿನ್ನ ಹೆಸರು ತಗೀದ ದಿನಾನ ಇರಲಿಲ್ಲ," ಎಂದ. ಅವಳು ಅಂಗಳದಲ್ಲೇ ಕುಸಿದು ಕೂತು ಅತ್ತಳು. ಹೆತ್ತ ತಾಯಿ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ. ನಾನು ಹೋದ ದಿನ ಈ ಹುಡುಗಿ ಇದರ ಅರ್ಧದಷ್ಟಾದರೂ ಅಳುತ್ತಾಳೆಯೇ ಎಂದು ಯೋಚಿಸುತ್ತಿದ್ದೆ.